ಆಸ್ಪತ್ರೆಗೆ ಬಾರದವರ ಪರವಾಗಿ: ಶಿವಮೊಗ್ಗ, ಭದ್ರಾವತಿಗಳ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ವಿದ್ಯಾರ್ಥಿಮಿತ್ರರೇ,

ಶಿವಮೊಗ್ಗದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ರೋಗನಿದಾನವನ್ನು ಕಲಿಯುತ್ತಿರುವವರೂ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಸಮಾಜಕಾರ್ಯವನ್ನೋ ಸಮಾಜಶಾಸ್ತ್ರವನ್ನೋ ಅಭ್ಯಾಸ ಮಾಡುತ್ತಿರುವವರೂ, ಈ ಎರಡು ಊರುಗಳ ಕಾಲೇಜುಗಳಲ್ಲಿ ಮನಶ್ಶಾಸ್ತ್ರವನ್ನು, ಶುಶ್ರೂಷೆಯನ್ನು ಆರಿಸಿಕೊಂಡಿರುವವರೂ ಆದ ನಿಮ್ಮೆಲ್ಲರನ್ನು ಒಟ್ಟಾಗಿ ಉದ್ದೇಶಿಸಿ, ಭದ್ರಾವತಿಯ ನ್ಯೂಟೌನಿನಲ್ಲಿ ಹುಟ್ಟಿ ಬೆಳೆದು ಆಯುಷ್ಯದ ಬಹುಭಾಗವನ್ನು ಕನ್ನಡ ಪಾಠ ಹೇಳುವುದರಲ್ಲಿ ಕಳೆದ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ನಿಮ್ಮ ಶಾಸ್ತ್ರದಲ್ಲಿ ನಿಮಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಕುಡಿತದಿಂದಲೂ ಚಿತ್ತವ್ಯಥೆಯಿಂದಲೂ ಸವೆದುಹೋದ ಸಂಸಾರಗಳನ್ನು ಬಹುಕಾಲ ಹತ್ತಿರದಿಂದ ಕಂಡವನೆಂಬ ಒಂದೇ ಹಕ್ಕಿನಿಂದ ನಿಮ್ಮಲ್ಲೊಂದು ಬೇಡಿಕೆಯನ್ನಿಡಲು ಹೊರಟಿದ್ದೇನೆ. ನಿಮ್ಮಲ್ಲಿ ಕೆಲವರಾದರೂ ಮನೋರೋಗ ಮತ್ತು ಮಾದಕವ್ಯಸನಗಳ ಸಂಶೋಧನೆಯನ್ನು ಜೀವನವೃತ್ತಿಯಾಗಿ ಕೈಕೊಳ್ಳಬೇಕು. ಕೈಕೊಂಡು, ಈ ಜಿಲ್ಲೆಯಲ್ಲಿಯೇ, ಇಲ್ಲಿಯ ಮನೆಗಳ ಹೊಸ್ತಿಲಲ್ಲಿಯೇ, ಬಹುವರ್ಷ ನಿಲ್ಲಬೇಕು.

ಚಿಕಿತ್ಸೆ ಮಾಡುವವರು ಹೆಚ್ಚಿದರೆ ಸಾಲದೆ, ಸಂಶೋಧಕರು ಏತಕ್ಕೆ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ದೆಹಲಿಯ ಏಮ್ಸ್‌ನ ವ್ಯಸನಚಿಕಿತ್ಸಾ ಕೇಂದ್ರವು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ನೂರಕ್ಕೆ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುವವರು; ಇವರಲ್ಲಿ ಸುಮಾರು 5.7 ಕೋಟಿ ಮಂದಿಗೆ ಅದು ಕೇಡನ್ನು ತಂದಿದೆ, ಅವರಿಗೆ ನೆರವು ಬೇಕಾಗಿದೆ. ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನು ಹೇಳಿತು: ಮದ್ಯಕ್ಕೆ ಪೂರ್ಣವಾಗಿ ಅಧೀನರಾದವರಲ್ಲಿ 38 ಮಂದಿಗೆ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಇದಕ್ಕೆ ಹೊಂದುವ ಮಾತನ್ನೇ ಹೇಳುತ್ತದೆ. ಮದ್ಯದ ಕಾಯಿಲೆಯುಳ್ಳವರಲ್ಲಿ ನೂರಕ್ಕೆ 86ರಷ್ಟು ಮಂದಿ ಚಿಕಿತ್ಸೆಯ ಹೊರಗೇ ಉಳಿದಿದ್ದರು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ನೆರೆಯ ಕೇರಳವೂ ತಮಿಳುನಾಡೂ ಇದ್ದುವು. ನಮ್ಮ ರಾಜ್ಯದ ಪಾಲಿಗೆ ಬಂದದ್ದು ಕೋಲಾರದಲ್ಲಿ ನಡೆದ ಪ್ರಾಯೋಗಿಕ ಸಮೀಕ್ಷೆ ಮಾತ್ರ.

ಈ 38ರಲ್ಲಿ ಒಬ್ಬ ಎಂಬ ಲೆಕ್ಕವನ್ನು ನೀವು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕುಳಿತು ನೀವು ಕಲಿಯುವ ವಿದ್ಯೆಯೆಲ್ಲ ಆ ಒಬ್ಬನಿಂದ ಬಂದದ್ದು. ಅವನಿಗೆ ಬಸ್ಸಿನ ಹಣವಿತ್ತು, ಕೈಹಿಡಿದು ಕರೆತರುವವರಿದ್ದರು, ಇಲ್ಲವೆ ರೋಗ ಮಿತಿಮೀರಿ ಬೇರೆ ಗತಿಯಿರಲಿಲ್ಲ. ಉಳಿದ ಮೂವತ್ತೇಳು ಮಂದಿ ಏನಾದರು, ಅವರಲ್ಲಿ ತಾನಾಗಿಯೇ ಬಿಟ್ಟವರೆಷ್ಟು, ಬಿಡಲಾರದೆ ಸತ್ತವರೆಷ್ಟು, ಕುಡಿತಕ್ಕೆ ಮುಂಚೆಯೇ ಯಾವ ಖಿನ್ನತೆ ಯಾವ ಭಯ ಅವರನ್ನು ಹಿಡಿದಿತ್ತು ಎಂಬುದನ್ನು ಯಾವ ಆಸ್ಪತ್ರೆಯ ದಾಖಲೆಯೂ ಹೇಳಲಾರದು. ಅವರು ಮನೆಯಲ್ಲಿದ್ದಾರೆ. ಅವರನ್ನು ಅರಿಯಬೇಕಾದರೆ ಮನೆಗೆ ಹೋಗಬೇಕು.

ನಮ್ಮ ವಠಾರದಲ್ಲಿ ಒಬ್ಬರಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸ. ಸುಸ್ವರವಾಗಿ ಭಜನೆ ಹಾಡುತ್ತಿದ್ದ, ಮಕ್ಕಳ ಪುಸ್ತಕಗಳಿಗೆ ತಾವೇ ರಟ್ಟು ಕಟ್ಟಿಕೊಡುತ್ತಿದ್ದ ಸಾಧುಸ್ವಭಾವದವರು. ನಡುವಯಸ್ಸಿನಲ್ಲಿ ಕುಡಿತಕ್ಕೆ ಸಿಕ್ಕಿದರು. ಕೆಲವು ವರ್ಷಗಳಲ್ಲಿ ಬೆಳಗಿನ ಕೈನಡುಕ ನಿಲ್ಲಬೇಕಾದರೂ ಅದೇ ಬೇಕೆಂಬ ಸ್ಥಿತಿಗೆ ಬಂದರು. ಸಂಬಳದ ದಿನ ಅವರ ಹೆಂಡತಿ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ. ಆಕೆ ಒಬ್ಬರೇ ಅಲ್ಲ, ಅಲ್ಲಿ ಅಂಥವರ ಸಾಲೇ ಇರುತ್ತಿತ್ತು. ಕೊನೆಗೆ ಬಂಧುಗಳೆಲ್ಲ ಸೇರಿ, ಸದುದ್ದೇಶದಿಂದಲೇ, ದೇವರ ಮುಂದೆ ಆಣೆ ಮಾಡಿಸಿ, ಅವರನ್ನು ಕೋಣೆಯಲ್ಲಿ ಕೂಡಿ ಬಾಗಿಲು ಹಾಕಿಕೊಂಡರು. ಮೊದಲ ದಿನ ಬೆವರು, ನಡುಕ. ಎರಡನೆಯ ದಿನ ಸೆಳವು. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳು ಹರಿಯುತ್ತಿವೆ, ಯಾರೋ ಕೊಲ್ಲಲು ಬಂದಿದ್ದಾರೆ ಎಂಬ ಕೂಗಾಟ. ದೆವ್ವ ಮೆಟ್ಟಿಕೊಂಡಿತೆಂದು ಮಂತ್ರವಾದಿಯನ್ನು ಕರೆಸಿದರು. ನಾಲ್ಕನೆಯ ದಿನ ಬೆಳಗಾಗುವುದರೊಳಗೆ ಅವರು ತೀರಿಕೊಂಡಿದ್ದರು.

ಬಹಳ ಕುಡಿಯುತ್ತಿದ್ದವನು ಹಠಾತ್ತನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಸೆಳವು ಬರಬಹುದೆಂದೂ, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಪ್ರಾಣಾಂತಿಕವಾದ ಸನ್ನಿ ಏರಬಹುದೆಂದೂ, ಸಕಾಲದಲ್ಲಿ ಕೊಟ್ಟ ಔಷಧಿಯೂ ಥಯಮಿನ್ ಜೀವಸತ್ವವೂ ಅಂಥವನನ್ನು ಉಳಿಸಬಲ್ಲವೆಂದೂ ನಿಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಆ ಮನೆಯವರಿಗೆ ಅದನ್ನು ಹೇಳಿದವರಿರಲಿಲ್ಲ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿ, ಮದ್ಯದಂಗಡಿಗಳು ಒಂದೇ ದಿನ ನಿಂತಾಗ, ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ಸನ್ನಿ ಸೆಳವುಗಳಿಂದ ಬರುವವರ ಸಂಖ್ಯೆ ಏರಿದುದನ್ನು ಅಲ್ಲಿಯ ಸಂಶೋಧಕರು ಆಗಲೇ ಎಣಿಸಿ ಬರೆದಿಟ್ಟರು. ಎಣಿಸುವವರು ಅಲ್ಲಿದ್ದುದರಿಂದ ಎಣಿಕೆಯಾಯಿತು. ಅವೇ ದಿನಗಳಲ್ಲಿ ನಮ್ಮ ಭದ್ರಾವತಿಯ ಹಳೆಯ ನಗರದ, ಹೊಸಮನೆಯ, ಜನ್ನಾಪುರದ ಮುಚ್ಚಿದ ಕೋಣೆಗಳಲ್ಲಿ ಏನಾಯಿತೆಂಬುದನ್ನು ಬರೆದಿಡಲು ನಿಮ್ಮಂಥವರು ಇಲ್ಲಿರಬೇಕಾಗಿತ್ತು.

ಇಂಥ ಕೆಲಸವನ್ನು ಕನ್ನಡನಾಡಿನಲ್ಲಿ ಮಾಡಿದವರಿಲ್ಲವೆಂದು ತಿಳಿಯಬೇಡಿ. ಆಗುಂಬೆಯ ಘಟ್ಟವಿಳಿದರೆ ಸಿಗುವ ಕೋಟ ಗ್ರಾಮ, ನಮ್ಮ ಶಿವರಾಮ ಕಾರಂತರ ಹುಟ್ಟೂರು, ಲೋಕದ ಮನೋವೈದ್ಯಶಾಸ್ತ್ರದಲ್ಲಿ ಹೆಸರು ಪಡೆದಿರುವುದು ಇಂಥ ಒಂದು ಕೆಲಸದಿಂದ. ಡಾ. ಆರ್. ಎಲ್. ಕಪೂರ್ ಅವರು ಎಡಿನ್‌ಬರೋದ ಮನೋವೈದ್ಯ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಅವರೊಡಗೂಡಿ 1970ರ ದಶಕದ ಆರಂಭದಲ್ಲಿ ಆ ಊರಿನ ಮನೆಮನೆಗೂ ಹೋದರು. ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳ ಬಾಳಿನ ಕ್ರಮವನ್ನೂ ಮನೋವ್ಯಥೆಯನ್ನೂ ಜೊತೆಗಿಟ್ಟು ನೋಡಿದರು. ಪಾಶ್ಚಾತ್ಯರ ಪ್ರಶ್ನಾವಳಿಯನ್ನು ಹಾಗೆಯೇ ಎತ್ತಿ ತರದೆ, ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್ ಅವರೂ ಸೇರಿ, ಇಲ್ಲಿಯ ಜನ ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ಒಪ್ಪುವ ಸಮೀಕ್ಷಾಕ್ರಮವೊಂದನ್ನು ರೂಪಿಸಿಕೊಂಡರು. ವೈದ್ಯರ ಬಳಿ ಹೋಗುವವರು, ಮಂತ್ರವಾದಿಯ ಬಳಿ ಹೋಗುವವರು, ದೈವ ಮೈಮೇಲೆ ಬರುವ ಪಾತ್ರಿಯ ಬಳಿ ಹೋಗುವವರು ಯಾರು, ಏಕೆ ಹೋಗುತ್ತಾರೆ ಎಂಬುದನ್ನು ಹಳಿಯದೆ, ಹೊಗಳದೆ, ಗೌರವದಿಂದ ಕೇಳಿ ತಿಳಿದರು. ಇದರ ಫಲವಾಗಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥ ಹೊರಬಂತು.

ಆ ಗ್ರಂಥಕ್ಕಿಂತಲೂ ಅದರ ಮುಂದಿನ ಕಥೆಯನ್ನು ನೀವು ಗಮನಿಸಬೇಕೆಂಬುದು ನನ್ನ ಆಸೆ. ಕೋಟದಿಂದ ಬೆಂಗಳೂರಿಗೆ ಬಂದ ಕಪೂರರು 1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕ ಮೊಳೆಯಲು ಕಾರಣರಾದರು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ. ಆರ್. ಚಂದ್ರಶೇಖರ್ ಮೊದಲಾದವರು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, ಸಾಮಾನ್ಯ ಆರೋಗ್ಯ ಕೇಂದ್ರದ ವೈದ್ಯನೂ ಹಳ್ಳಿಯ ಆರೋಗ್ಯ ಕಾರ್ಯಕರ್ತನೂ ಮನೋರೋಗವನ್ನು ಗುರುತಿಸಿ ನೋಡಿಕೊಳ್ಳಬಲ್ಲರೆಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದರು. ಆ ಪರೀಕ್ಷೆಯೇ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಾದ್ಯಂತ ಹರಡಿತು. ಬಳ್ಳಾರಿಯ ಮಾದರಿಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಶಿಬಿರ ನಡೆದು ಬಡವನ ಕೈಗೆ ಗುಳಿಗೆ ಉಚಿತವಾಗಿ ದೊರೆಯುತ್ತಿದ್ದರೆ, ಆ ಗುಳಿಗೆಯ ಹಿಂದೆ ಯಾರದೋ ಚಾವಡಿಯಲ್ಲಿ ಚಾಪೆಯ ಮೇಲೆ ಕುಳಿತು ಪ್ರಶ್ನೆ ಕೇಳಿದ ಸಂಶೋಧಕರ ಒಂದು ಪರಂಪರೆಯೇ ಇದೆ.

ನಮ್ಮ ಜಿಲ್ಲೆಯೂ ಈ ಪರಂಪರೆಗೆ ಹೊರತಲ್ಲ. ತೀರ್ಥಹಳ್ಳಿಯ ಹೆಸರನ್ನೇ ತಮ್ಮ ಹೆಸರಿನಲ್ಲಿ ಹೊತ್ತ ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಅವರ ಸಂಗಡಿಗರು 2005ರಿಂದ ಮೊದಲ್ಗೊಂಡು ಆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾದಿಂದ ಬಳಲುವವರನ್ನು, ಚಿಕಿತ್ಸೆಯನ್ನೇ ಕಾಣದವರನ್ನೂ ಸೇರಿಸಿ, ಹುಡುಕಿ ಗುರುತಿಸಿದರು. ಗುರುತಿಸಿದವರನ್ನು ವರ್ಷ ವರ್ಷವೂ ಮತ್ತೆ ಕಂಡರು. ಔಷಧಿ ದೊರೆತವರಲ್ಲಿ ದುಡಿಯಲಾರದ, ಬೆರೆಯಲಾರದ ಅಶಕ್ತತೆ ಗಣನೀಯವಾಗಿ ತಗ್ಗಿತೆಂದೂ, ದೊರೆಯದವರಲ್ಲಿ ಅದು ಇದ್ದಲ್ಲಿಯೇ ಇತ್ತೆಂದೂ ಅವರ ಬರಹಗಳು ತೋರಿಸಿಕೊಟ್ಟುವು. ಇದು ಯಾರಿಗೆ ತಿಳಿಯದ ಮಾತು ಎಂದು ಅನ್ನಿಸಬಹುದು. ಆದರೆ ಚಿಕಿತ್ಸೆಯನ್ನೇ ಪಡೆಯದವನು ಆಸ್ಪತ್ರೆಯ ಕಡತದಲ್ಲಿ ಇರುವುದೇ ಇಲ್ಲವಾದಕಾರಣ, ಆ ಹೋಲಿಕೆಯನ್ನು ಆಸ್ಪತ್ರೆಯಲ್ಲಿ ಕುಳಿತು ಮಾಡಲು ಸಾಧ್ಯವೇ ಇರಲಿಲ್ಲ. ಅಡಕೆ ತೋಟದ ಅಂಚಿನ ಒಂಟಿಮನೆಗೆ ನಡೆದುಹೋದವರಿಗೆ ಮಾತ್ರ ಅದು ಸಾಧ್ಯವಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗಲೂ, ಪುಣೆಯ ವಿಜ್ಞಾನಿಗಳು ಕಾಡಿಗೇ ಬಂದು, ಉಣ್ಣಿಗಳನ್ನು ಆರಿಸಿ, ಸಾಗರದಲ್ಲಿ ನೆಲೆ ಮಾಡಿಕೊಂಡು ಕೆಲಸ ಮಾಡಿದುದರಿಂದಲೇ ಆ ಜ್ವರದ ಮೂಲ ಗೊತ್ತಾದದ್ದು. ಉಣ್ಣಿಯನ್ನು ಹುಡುಕಿ ಕಾಡಿಗೆ ಬಂದಂತೆ ದುಃಖವನ್ನು ಹುಡುಕಿ ಕೇರಿಗೆ ಬನ್ನಿರೆಂದು ಕೇಳುವುದು ಅತ್ಯಾಸೆಯಾಗಲಾರದೆಂದು ನಂಬಿದ್ದೇನೆ.

ಇನ್ನು ನನ್ನ ಊರಿನ ಮಾತು. 1923ರಲ್ಲಿ ಇದ್ದಲಿನ ಕಾವಿನಿಂದ ಕಬ್ಬಿಣ ಕರಗಿಸಿ ಆರಂಭವಾದ ಕಾರ್ಖಾನೆ, 1930ರ ದಶಕದಲ್ಲಿ ಸ್ಥಾಪನೆಯಾದ ಕಾಗದದ ಗಿರಣಿ, ಇವೆರಡರ ಸೈರನ್ನಿಗೆ ಎದ್ದು ಸೈರನ್ನಿಗೆ ಮಲಗಿದ ಊರು ಭದ್ರಾವತಿ. 2015ರ ಸುಮಾರಿಗೆ ಕಾಗದದ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದು, ಕಾರ್ಮಿಕರು ಬಾಗಿಲ ಮುಂದೆ ಧರಣಿ ಕುಳಿತರು. ಉದ್ಯೋಗಭಂಗದ ಆರ್ಥಿಕ ನಷ್ಟವನ್ನು ಪತ್ರಿಕೆಗಳು ಬರೆದವು. ರಾಜಕಾರಣಿಗಳು ಭಾಷಣ ಮಾಡಿದರು. ಬೆಳಗ್ಗೆ ಎದ್ದು ಹೋಗುವುದಕ್ಕೆ ಸ್ಥಳವಿಲ್ಲದ ಮನುಷ್ಯನ ಮನಸ್ಸಿನಲ್ಲಿ ಏನಾಗುತ್ತದೆಂಬುದನ್ನು ಬರೆಯಬೇಕಾದವರು ನೀವು.

ಅಂಥ ಒಂದು ಗ್ರಂಥ ಲೋಕದಲ್ಲಿ ಇದೆ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಬಳಿಯಿರುವ ಮಾರಿಯೆಂಟಾಲ್ ಎಂಬ ಪುಟ್ಟ ಊರಿನ ಜನಕ್ಕೆ ಅನ್ನ ಕೊಡುತ್ತಿದ್ದ ಬಟ್ಟೆಯ ಗಿರಣಿ 1930ರ ಹೊತ್ತಿಗೆ ಮುಚ್ಚಿಹೋಗಿ, 478 ಸಂಸಾರಗಳ ಆ ಊರಿಗೆ ಊರೇ ನಿರುದ್ಯೋಗಕ್ಕೆ ಗುರಿಯಾಯಿತು. ಆಗ ಇಪ್ಪತ್ತೈದರ ಆಸುಪಾಸಿನ ತರುಣಿಯಾಗಿದ್ದ ಮಾರೀ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಟ್ಸೈಜೆಲ್ ಎಂಬುವರು ತಮ್ಮ ಸಂಗಡಿಗರೊಡನೆ ಅಲ್ಲಿ ಕೆಲಸ ಮಾಡಿ 1933ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದೇನು? ಕಾಲಾವಕಾಶ ಎಷ್ಟೋ ಹೆಚ್ಚಿದ್ದರೂ ಗ್ರಂಥಾಲಯದಿಂದ ಜನ ಒಯ್ಯುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಗಡಿಯಾರ ಹಿಡಿದು ನೋಡಿದರೆ ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಗಿತ್ತು, ದಾರಿಯಲ್ಲಿ ಅವರು ಮತ್ತೆ ಮತ್ತೆ ನಿಲ್ಲುತ್ತಿದ್ದರು. ಮನೆಗೆಲಸದ ಹೊರೆಯಿದ್ದ ಹೆಂಗಸರ ನಡಿಗೆ ಮಾತ್ರ ಚುರುಕಾಗಿಯೇ ಇತ್ತು. ನಿನ್ನೆ ದಿನವೆಲ್ಲ ಏನು ಮಾಡಿದಿರಿ ಎಂದು ಕೇಳಿದರೆ ಗಂಡಸರಿಗೆ ನೆನಪಿಗೆ ಬರುವಂಥದು ಬಹಳ ಕಡಮೆ. ಕೆಲಸ ಹೋದರೆ ಜನ ಸಿಡಿದೇಳುವರೆಂದು ಭಾವಿಸಿದ್ದವರಿಗೆ ಅಲ್ಲಿ ಕಂಡದ್ದು ಮೆಲ್ಲಮೆಲ್ಲನೆ ಕುಗ್ಗುವ ಆಸೆ. ಈ ಸಂಶೋಧಕರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡಿದ್ದರು: ಕೇವಲ ನೋಡುವವರಾಗಿ ಯಾರೂ ಆ ಊರಿಗೆ ಕಾಲಿಡತಕ್ಕದ್ದಲ್ಲ, ಬಂದವರೆಲ್ಲರೂ ಊರಿಗೆ ಉಪಯೋಗವಾಗುವ ಒಂದು ಕೆಲಸ ಮಾಡಲೇಬೇಕು. ಬಟ್ಟೆ ಹಂಚಿದರು, ವೈದ್ಯಸಹಾಯ ಕೊಟ್ಟರು, ಹೊಲಿಗೆ ಕಲಿಸಿದರು. ಹಾಗೆ ಮಾಡುತ್ತಲೇ ಅರಿತರು. ನಮ್ಮ ಊರಿನ ಕಾಗದನಗರದ ಖಾಲಿ ವಸತಿಗಳ ಸಾಲಿನಲ್ಲಿ ನಡೆದಾಡುವಾಗಲೆಲ್ಲ ನನಗೆ ಆ ತರುಣಿ ಯಹೋಡಾರ ನೆನಪಾಗುತ್ತದೆ. ಭದ್ರಾವತಿಗೂ ಅಂಥ ಒಂದು ಪುಸ್ತಕ ಬೇಕು. ಕೆಲಸ ಕಳೆದುಕೊಂಡವರೆಲ್ಲ ಕುಡುಕರಾದರೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅವರಿಗೆ ಮಾಡುವ ಅನ್ಯಾಯ. ಯಾರು ಮುರಿದರು, ಯಾರು ಮುರಿಯದೆ ಉಳಿದರು, ಉಳಿದವರನ್ನು ಉಳಿಸಿದ್ದು ಏನು ಎಂಬುದನ್ನು ಪ್ರಮಾಣಪೂರ್ವಕವಾಗಿ ತಿಳಿದು ಹೇಳಿರೆಂದು ಕೇಳುತ್ತಿದ್ದೇನೆ.

ಹೀಗೆ ತಿಳಿಯುವುದು ಸುಲಭವಾದ ವಿದ್ಯೆಯಲ್ಲ. ಒಂದೇ ನಿದರ್ಶನ ಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ನೀವು ಬಲ್ಲಿರಿ. ನಲವತ್ತಕ್ಕೆ ಎಂಟು ಅಂಕ ಮುಟ್ಟಿದರೆ ಕುಡಿತ ಅಪಾಯದ ಕಡೆಗೆ ತಿರುಗಿದೆಯೆಂದು ಲೆಕ್ಕ. ಅದರಲ್ಲಿ ಕುಡಿಯುವ ದಿನ ಎಷ್ಟು ಡ್ರಿಂಕ್ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಊರಿನ ದುಡಿಮೆಗಾರ ಡ್ರಿಂಕಿನ ಲೆಕ್ಕದಲ್ಲಿ ಕುಡಿಯುವವನಲ್ಲ. ಅವನದು ನೈಂಟಿ, ಕ್ವಾರ್ಟರ್. ‘ಒಂದೇ ಕ್ವಾರ್ಟರ್ ಸ್ವಾಮಿ’ ಎಂದು ಅವನು ಪ್ರಾಮಾಣಿಕವಾಗಿ ಹೇಳಿದರೆ, ಅನುಭವವಿಲ್ಲದ ವಿದ್ಯಾರ್ಥಿ ಒಂದು ಎಂದು ಬರೆದುಕೊಳ್ಳುತ್ತಾನೆ. ಆದರೆ 180 ಮಿಲಿಲೀಟರ್‌ನ ಆ ಬಾಟಲಿಯಲ್ಲಿ ನೂರಕ್ಕೆ 42.8 ಭಾಗ ಮದ್ಯಸಾರ. ತೂಕಕ್ಕೆ ತಿರುಗಿಸಿದರೆ ಸುಮಾರು 60 ಗ್ರಾಂ. ಹತ್ತು ಗ್ರಾಮಿಗೆ ಒಂದು ಡ್ರಿಂಕ್ ಎಂಬ ಅಳತೆಯಲ್ಲಿ ಅದು ಆರು. ಒಂದು ಎಂದು ಬರೆದ ಕಡೆ ಆರು ಇರಬೇಕಾಗಿತ್ತು. ಇಂಥ ತಪ್ಪು ಸಾವಿರ ಮನೆಗಳಲ್ಲಿ ಆದರೆ ಒಂದು ಜಿಲ್ಲೆಯ ದುಃಖವೇ ಆರನೆಯ ಒಂದು ಭಾಗಕ್ಕೆ ಇಳಿದುಹೋಗುತ್ತದೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಪ್ಯಾಕೆಟ್ಟಿನ ಜಾಗಕ್ಕೆ ಏನು ಬಂತು, ಎಷ್ಟು ಬಂತು ಎಂಬುದನ್ನೂ ಇದೇ ಎಚ್ಚರದಿಂದ ಕೇಳಬೇಕು.

ಮದ್ಯದಿಂದ ಸರ್ಕಾರಕ್ಕೆ ವರಮಾನವಿದೆಯಲ್ಲ ಎಂದು ಬಲ್ಲವರು ತರ್ಕಿಸುವುದುಂಟು. ಆ ತರ್ಕಕ್ಕೆ ಅಂಕಿಯಿಂದಲೇ ಉತ್ತರ ಕೊಟ್ಟವರು ನಿಮ್ಹಾನ್ಸ್‌ನ ಡಾ. ವಿವೇಕ ಬೆನಗಲ್ ಮತ್ತು ಸಂಗಡಿಗರು. ಕುಡಿತದಿಂದ ಕರ್ನಾಟಕಕ್ಕೆ ಆಗುವ ನಷ್ಟ ಅಬಕಾರಿಯ ಆದಾಯವನ್ನು ಮೀರುತ್ತದೆಂದು ಅವರು 2000ದಲ್ಲಿ ಲೆಕ್ಕಹಾಕಿ ತೋರಿಸಿದರು. ಡಾ. ಜಿ. ಗುರುರಾಜ್ ಅವರೊಡನೆ ಇದೇ ವಿಷಯವಾಗಿ ನಡೆದ ಬೆಂಗಳೂರಿನ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಒಬ್ಬ ಸಂಶೋಧಕನ ವೃತ್ತಿಜೀವನವೆಂದರೆ ಹೀಗೆ, ಮೂವತ್ತು ವರ್ಷ ಒಂದೇ ವಿಷಯವನ್ನು ಹಿಡಿದು, ಮೆದುಳಿನ ವಿದ್ಯುತ್ತರಂಗದಿಂದ ಹಿಡಿದು ರಾಜ್ಯದ ಬೊಕ್ಕಸದವರೆಗೆ ಅದರ ಎಳೆಗಳನ್ನು ಬಿಡಿಸುತ್ತ ಹೋಗುವುದು.

ಚಿಕಿತ್ಸೆಯ ವಿಷಯದಲ್ಲಿಯೂ ಸಂಶೋಧನೆ ಹೇಳಿರುವುದು ಬಡ ಜಿಲ್ಲೆಗೆ ಆಶಾದಾಯಕವಾದ ಮಾತು. 1977ರಲ್ಲಿ ಲಂಡನಿನ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಜಿಮ್ ಆರ್‌ಫರ್ಡ್ ಅವರು ನೂರು ಮಂದಿ ವಿವಾಹಿತ ಮದ್ಯವ್ಯಸನಿಗಳಲ್ಲಿ ಅರ್ಧ ಮಂದಿಗೆ ವರ್ಷವಿಡೀ ಪೂರ್ಣ ಚಿಕಿತ್ಸೆಯನ್ನೂ, ಉಳಿದವರಿಗೆ ಒಂದೇ ಒಂದು ಸಲದ ಹಿತವಚನವನ್ನೂ ಕೊಟ್ಟು ನೋಡಿದರೆ, ವರ್ಷಾಂತ್ಯದಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ. ನೆರೆಯ ಗೋವೆಯಲ್ಲಿ ಡಾ. ಅಭಿಜಿತ್ ನಾಡಕರ್ಣಿ, ಡಾ. ವಿಕ್ರಮ್ ಪಟೇಲ್ ಮೊದಲಾದವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 377 ಮಂದಿ ಗಂಡಸರನ್ನು ಕುರಿತು ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವೈದ್ಯಪದವಿಯಿಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಕೆಲವೇ ಭೇಟಿಗಳಲ್ಲಿ ಮಾತಾಡಿದ್ದರಿಂದ, ಮೂರು ತಿಂಗಳ ಬಳಿಕ ನೂರಕ್ಕೆ 36 ಮಂದಿ ಅಪಾಯದ ಕುಡಿತದಿಂದ ಪಾರಾಗಿದ್ದರು. ಎಂದಿನ ಆರೈಕೆ ಮಾತ್ರ ಪಡೆದವರಲ್ಲಿ ಆ ಸಂಖ್ಯೆ 26. ನಮ್ಮ ಮಲೆನಾಡಿನ ಊರೂರುಗಳಲ್ಲಿ ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಅವುಗಳಿಂದ ಮನೆಗೆ ಮರಳಿದವರ ಕೊರಳ ಹಾರವನ್ನೂ ಹೆಂಡಿರ ಕಣ್ಣೀರನ್ನೂ ನಾನು ಕಂಡು ಸಂತೋಷಪಟ್ಟಿದ್ದೇನೆ. ಆ ಸಂತೋಷ ಒಂದು ವರ್ಷದ ಮೇಲೆ ಎಷ್ಟು ಮನೆಗಳಲ್ಲಿ ಉಳಿದಿರುತ್ತದೆ, ಉಳಿಯದ ಮನೆಗೆ ಇನ್ನೇನು ಬೇಕಾಗಿತ್ತು ಎಂಬುದನ್ನು ವಿನಯದಿಂದ ಹೋಗಿ ಕೇಳುವವರು ಬೇಕು.

ಕೇಳಬಾರದೆನ್ನಿಸುವ ಪ್ರಶ್ನೆಗಳನ್ನೂ ಕೇಳುವ ಧೈರ್ಯ ನಿಮಗಿರಬೇಕು. ಈ ಜಿಲ್ಲೆಯ ಎಷ್ಟೋ ವಿದ್ಯಾರ್ಥಿಗಳ ಶುಲ್ಕ ಅಡಕೆಯ ಹಣದಿಂದ ಬಂದದ್ದು. ನನ್ನ ತಾಯಿಯ ತವರಿನ ಅನ್ನವೂ ಅಡಕೆಯದೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಕೆಯನ್ನು ಅರ್ಬುದಕಾರಕವೆಂದು ಹೆಸರಿಸಿದೆಯೆಂಬುದನ್ನು ನಾವು ಮರೆಮಾಚಲಾಗದು. 2013ರಲ್ಲಿ ಗುಟ್ಕಾ ನಿಷೇಧವಾದ ಬಳಿಕವೂ ಅಂಗಡಿಯಂಗಡಿಯಲ್ಲಿ ಜರದಾ ಪಾನ್‌ಮಸಾಲಾಗಳ ಮಾಲೆ ತೂಗುತ್ತಿರುವುದನ್ನು ಕಣ್ಣಿದ್ದವರೆಲ್ಲ ಕಾಣುತ್ತಾರೆ. ಗಾಂಜಾದ ವಿಷಯದಲ್ಲಿಯೂ ಹೀಗೆಯೇ. ಶಿವಮೊಗ್ಗದ ಪತ್ರಿಕೆಗಳಲ್ಲಿ ಅದು ಪೊಲೀಸರು ಹಿಡಿದ ಕಿಲೋಗಳ ಲೆಕ್ಕವಾಗಿ ಬರುತ್ತದೆ. ಸೇದುವ ಹುಡುಗನ ನಿದ್ದೆಗೇಡು, ಸಂಶಯ, ಒಂಟಿತನಗಳ ಲೆಕ್ಕವಾಗಿ ಬರುವುದಿಲ್ಲ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ 1985ರ ಮಾದಕವಸ್ತು ಕಾಯಿದೆಯಲ್ಲಿಯೇ ರಕ್ಷಣೆಯ ಅವಕಾಶವಿದೆಯೆಂಬುದು ಆ ಹುಡುಗರಿಗೂ ಅವರ ತಾಯ್ತಂದೆಯರಿಗೂ ತಿಳಿದಿರಬೇಡವೆ?

ಹೆಂಗಸರನ್ನು ಮರೆಯಬೇಡಿರೆಂದು ವಿಶೇಷವಾಗಿ ಕೋರುತ್ತೇನೆ. ಕುಡಿಯುವವನನ್ನು ಎಣಿಸಿ ಬಂದ ಸಮೀಕ್ಷೆ ಅವನ ಹೊಡೆತ ತಿಂದವಳ ನಿದ್ರಾಹೀನ ರಾತ್ರಿಗಳನ್ನು ಎಣಿಸದೆ ಬಂದರೆ ಅರ್ಧ ಕೆಲಸ ಮಾಡಿದಂತೆಯೂ ಆಗಲಿಲ್ಲ. ಆದರೆ ಅವಳೊಡನೆ ಮಾತಾಡುವುದಕ್ಕೆ ಅತ್ತೆಯ ಕಿವಿಗೂ ಗಂಡನ ಕಣ್ಣಿಗೂ ದೂರವಾದ ಒಂದು ಜಾಗ ಬೇಕು. ಹೇಳಿದ ಮಾತು ಹೊರಬೀಳದೆಂಬ ಭರವಸೆ ಬೇಕು. ನಿಮ್ಮ ಸಂಸ್ಥೆಯ ನೀತಿಸಮಿತಿಯ ಅನುಮತಿಪತ್ರವನ್ನು ಕಟ್ಟಳೆಯ ಕಾಗದವೆಂದು ಎಣಿಸದೆ, ಆ ಹೆಂಗಸಿಗೆ ನೀವು ಕೊಟ್ಟ ಮಾತೆಂದೇ ಎಣಿಸಿರಿ. ಪ್ರಶ್ನೆ ಕೇಳುವಾಗ ಯಾರಾದರೂ ಸಾಯುವ ಯೋಚನೆಯನ್ನು ಹೇಳಿಕೊಂಡರೆ, ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಬೇಡಿ. ಅಲ್ಲಿ ನಿಲ್ಲಿ, ಮನೆಯವರಿಗೆ ತಿಳಿಸಲು ಅವರ ಒಪ್ಪಿಗೆ ಕೇಳಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಎಂಬ ಉಚಿತ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಮಾತಾಡಬಹುದೆಂಬುದನ್ನು ಪ್ರತಿಯೊಂದು ಮನೆಯಲ್ಲಿಯೂ ಬರೆದುಕೊಟ್ಟು ಬನ್ನಿ.

ಕಂಡುಕೊಂಡದ್ದನ್ನು ವಿದೇಶದ ಪತ್ರಿಕೆಗಳಿಗೆ ಇಂಗ್ಲಿಷಿನಲ್ಲಿ ಬರೆಯುವುದು ನಿಮ್ಮ ವೃತ್ತಿಧರ್ಮ, ಬರೆಯಿರಿ. ಆದರೆ ಹೇಳಿದವರಿಗೆ ಹಿಂದಿರುಗಿಸುವುದಕ್ಕೆ ಕನ್ನಡವೇ ಬೇಕು. ಶಿವಮೊಗ್ಗದಲ್ಲಿ ‘ಮಾನಸ’ ಆಸ್ಪತ್ರೆಯನ್ನು ಕಟ್ಟಿ, 2016ರಲ್ಲಿ ನಿಧನರಾಗುವವರೆಗೆ ದುಡಿದ ಡಾ. ಕೆ. ಎ. ಅಶೋಕ್ ಪೈ ಅವರು ಇದನ್ನು ಚೆನ್ನಾಗಿ ಅರಿತಿದ್ದರು, ಮನೋರೋಗವೆಂದರೆ ಮುಖ ತಿರುಗಿಸುತ್ತಿದ್ದ ಜನ ಕುಳಿತು ನೋಡಲೆಂದು ಸುರೇಶ್ ಹೆಬ್ಳೀಕರ್ ಅವರ ನಿರ್ದೇಶನದಲ್ಲಿ ‘ಕಾಡಿನ ಬೆಂಕಿ’ಯಂಥ ಚಿತ್ರವನ್ನು ನಿರ್ಮಿಸಿದರು, ಅದಕ್ಕೆ ಕನ್ನಡದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ನಾನು ಮೇಲೆ ಹೆಸರಿಸಿದ ಡಾ. ಚಂದ್ರಶೇಖರ್ ಅವರು ನೂರಕ್ಕೂ ಮಿಕ್ಕ ಕನ್ನಡ ಪುಸ್ತಕಗಳನ್ನು ಬರೆದಿದ್ದಾರೆ. ನೀವು ಒಂದು ಕೇರಿಯಲ್ಲಿ ಕಂಡದ್ದನ್ನು ಆ ಕೇರಿಯ ಸಮುದಾಯಭವನದಲ್ಲಿ ಒಂದು ಸಂಜೆ, ಯಾರ ಹೆಸರನ್ನೂ ಎತ್ತದೆ, ಓದಿಹೇಳಿರಿ.

ಈ ವೃತ್ತಿಯಲ್ಲಿ ಹಣ ಕಡಮೆಯೆಂದು ನಿಮ್ಮ ಹಿರಿಯರು ಹೇಳುವುದು ದಿಟ. ಯೋಜನೆಯ ಅವಧಿ ಮುಗಿದರೆ ಸಂಬಳ ಮುಗಿಯುತ್ತದೆ. ಫಲ ಕಾಣಲು ಹತ್ತು ವರ್ಷ ಬೇಕಾಗುವ ಕಡೆ ಮೂರು ವರ್ಷಕ್ಕೆ ವರದಿ ಕೇಳುತ್ತಾರೆ. ಆದುದರಿಂದ ಒಬ್ಬರೇ ಹೊರಲಾರದ ಭಾರವನ್ನು ಸರದಿಯಲ್ಲಿ ಹೊರುವಂತೆ ನಿಮ್ಮ ಅಧ್ಯಾಪಕರ ಮುಂದೆ ನನ್ನದೊಂದು ಸೂಚನೆಯಿದೆ. ಪ್ರತಿವರ್ಷವೂ ಒಬ್ಬೊಬ್ಬ ವಿದ್ಯಾರ್ಥಿಗೆ ಬೇರೆ ಬೇರೆ ವಿಷಯ ಕೊಟ್ಟು, ಪ್ರಬಂಧವಾದೊಡನೆ ಕಪಾಟಿಗೆ ಸೇರಿಸುವುದರ ಬದಲು, ಭದ್ರಾವತಿಯಲ್ಲೊಂದು, ಶಿವಮೊಗ್ಗದಲ್ಲೊಂದು ಕೇರಿಯನ್ನು ಆರಿಸಿ, ತಲಾ ಮುನ್ನೂರು ಮನೆಗಳ ಪಟ್ಟಿ ಮಾಡಿ, ಅವೇ ಮನೆಗಳಿಗೆ ಪ್ರತಿವರ್ಷದ ತಂಡವೂ ಹಿಂದಿನ ತಂಡದ ಕಡತವನ್ನು ಗುಪ್ತವಾಗಿ ಪಡೆದುಕೊಂಡು ಹೋಗುವಂತೆ ಏರ್ಪಡಿಸಲಿ. ವೈದ್ಯ ವಿದ್ಯಾರ್ಥಿಯೂ ಸಮಾಜಕಾರ್ಯದ ವಿದ್ಯಾರ್ಥಿಯೂ ಜೊತೆಯಾಗಿ ಹೋಗಲಿ. ಆಶಾ ಕಾರ್ಯಕರ್ತೆಯರನ್ನು ಗುರುವಾಗಿ ಮಾಡಿಕೊಳ್ಳಿ. ಯಾವ ಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆಂಬುದನ್ನು ಅವರಷ್ಟು ಬಲ್ಲವರಿಲ್ಲ. ಹತ್ತು ವರ್ಷ ಇದು ನಡೆದರೆ ಅಂಥ ಜ್ಞಾನ ರಾಜ್ಯದ ಬೇರಾವ ಜಿಲ್ಲೆಗೂ ಒದಗದ ಸಂಪತ್ತಾದೀತು.

ನ್ಯೂಟೌನಿನ ಬೀದಿಗಳೂ ಅಲ್ಲಿಯ ಹಳೆಯ ಸಂಸಾರಗಳೂ ನನಗೆ ಪರಿಚಿತ. ನಿಮ್ಮಲ್ಲಿ ಯಾವ ತಂಡ ಮುಂದೆ ಬಂದರೂ ಮೊದಲ ವಾರ ನಾನು ಜೊತೆಯಲ್ಲಿ ನಡೆದು ಮನೆಮನೆಗೂ ಪರಿಚಯ ಮಾಡಿಸಿಕೊಡುತ್ತೇನೆ. ನನ್ನ ಮನೆಯ ಹೊರಕೋಣೆಯಲ್ಲಿ ಒಂದು ಮೇಜು, ಬೀಗವುಳ್ಳ ಒಂದು ಕಪಾಟು ನಿಮ್ಮ ಕಡತಗಳಿಗಾಗಿ ಖಾಲಿಯಿವೆ. ಬೇಸಗೆಯ ರಜೆ ಮುಗಿದು ತರಗತಿಗಳು ಆರಂಭವಾಗುವುದರೊಳಗೆ ನಿಮ್ಮ ಅಧ್ಯಾಪಕರೊಡನೆ ಸಮಾಲೋಚಿಸಿ ಉತ್ತರ ಬರೆಯಬೇಕೆಂದು ಪ್ರಾರ್ಥಿಸುತ್ತೇನೆ.

ಇಂತು,
ನಿಮ್ಮ ಶ್ರೇಯೋಭಿಲಾಷಿಯಾದ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ
ನ್ಯೂಟೌನ್, ಭದ್ರಾವತಿ